ರೇಡಿಯೊ ಅಲೆಯನ್ನೂ ಅಲುಗಿಸಿದ ನಕ್ಷತ್ರ



ಎಫ್.ಎಂ. ಮನೆಮನೆಗೆ ಬರುವ ಮುಂಚೆ, ಹೊರನಾಡಿನಲ್ಲಿದ್ದ ಕನ್ನಡಿಗರು ರಾತ್ರಿ ಊಟವಾದ ಮೇಲೆ ಟ್ರಾನ್ಸಿಸ್ಟರಿನ ಮುಳ್ಳು ತಿರುಗಿಸುತ್ತಾ ಧಾರವಾಡ, ಬೆಂಗಳೂರು ಕೇಂದ್ರಗಳನ್ನು ಹುಡುಕುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಹಗಲಿನಲ್ಲಿ ಬರೀ ಕರಕರ ಸದ್ದು. ಕತ್ತಲಾದರೆ ಅದೇ ಜಾಗದಲ್ಲಿ, ಅದೇ ಮೀಡಿಯಂ ವೇವ್‌ನಲ್ಲಿ, ಅಲೆಅಲೆಯಾಗಿಯಾದರೂ ಕನ್ನಡ ಕೇಳುತ್ತಿತ್ತು. ಇದರಲ್ಲಿ ನಿಮ್ಮ ಸೆಟ್ಟಿನ ಪಾತ್ರ ಕಡಿಮೆ, ಆಕಾಶದ ಪಾತ್ರ ಹೆಚ್ಚು.

ನೆಲದಿಂದ ಸುಮಾರು 60 ಕಿಲೋಮೀಟರ್ ಎತ್ತರದಿಂದ ಮೇಲಕ್ಕೆ ಗಾಳಿ ತೀರಾ ತೆಳು. ಸೂರ್ಯನ ಅತಿನೇರಳೆ ಕಿರಣ ಮತ್ತು ಎಕ್ಸ್ ಕಿರಣಗಳು ಅಲ್ಲಿನ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಹಾಕುತ್ತವೆ. ಹೀಗೆ ವಿದ್ಯುತ್ ಕಣಗಳಿಂದ ತುಂಬಿದ ಪದರಕ್ಕೆ ಅಯಾನುಗೋಳ ಎಂದು ಹೆಸರು. ಅದರ ಕೆಳಭಾಗ ಹಗಲಿನಲ್ಲಿ ಮೀಡಿಯಂ ವೇವ್ ಅಲೆಗಳನ್ನು ನುಂಗಿ ಹಾಕುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಕೆಳಪದರ ಹೆಚ್ಚು ಕಡಿಮೆ ಇಲ್ಲವಾಗಿ, ಮೇಲಿನ ಪದರ ಕನ್ನಡಿಯಂತೆ ಅಲೆಯನ್ನು ನೂರಾರು ಕಿಲೋಮೀಟರ್ ಆಚೆಗೆ ನೆಲಕ್ಕೆ ಮರಳಿಸುತ್ತದೆ. ರಾತ್ರಿಯ ಧಾರವಾಡ ನಮಗೆ ಸಿಗುತ್ತಿದ್ದುದು ಹೀಗೆ.

ಅಂದರೆ ಅಯಾನುಗೋಳದ ಯಜಮಾನ ಸೂರ್ಯ. ಆದರೆ 1998ರ ಆಗಸ್ಟ್ 27ರಂದು ಬೇರೊಬ್ಬ ಯಜಮಾನ ಬಂದು ಹೋದ. ಆಗ ಪೆಸಿಫಿಕ್ ಸಾಗರದ ಮೇಲೆ ರಾತ್ರಿ. ಅಮೆರಿಕದ ನೌಕಾಪಡೆ ಹವಾಯಿಯಿಂದ ಜಲಾಂತರ್ಗಾಮಿಗಳಿಗಾಗಿ ಬಿತ್ತರಿಸುವ ಅತಿ ಕಡಿಮೆ ಆವರ್ತಾಂಕದ ಅಲೆಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಯಾನುಗೋಳದ ಅಧ್ಯಯನಕ್ಕೆಂದು ಆಲಿಸುತ್ತಿದ್ದರು. ಇದ್ದಕ್ಕಿದ್ದಂತೆ ಆ ಸಂಕೇತ ಏರುಪೇರಾಯಿತು. ರಾತ್ರಿ ಸುಮಾರು 85 ಕಿ.ಮೀ. ಎತ್ತರದಲ್ಲಿ ಇರಬೇಕಾದ ಅಯಾನುಗೋಳದ ಅಂಚು 60 ಕಿ.ಮೀ.ವರೆಗೆ ಇಳಿದಿತ್ತು. ಸುಮಾರು ಐದು ನಿಮಿಷ ಅಲ್ಲಿ ರಾತ್ರಿ ಹಗಲಾಗಿತ್ತು. ಅಷ್ಟೇ ಅಲ್ಲ, ಆ ರೇಡಿಯೊ ಸಂಕೇತದಲ್ಲಿ 5.16 ಸೆಕೆಂಡಿಗೊಮ್ಮೆ ಏರಿಳಿತವೊಂದು ಕಾಣುತ್ತಿತ್ತು. 5.16 ಸೆಕೆಂಡ್ ಎಂದರೆ ಗರುಡ ನಕ್ಷತ್ರಪುಂಜದ ದಿಕ್ಕಿನಲ್ಲಿ, ಅಂದಾಜು ಇಪ್ಪತ್ತು ಸಾವಿರ ಜ್ಯೋತಿರ್ವರ್ಷ ದೂರದಲ್ಲಿರುವ ಎಸ್‌ಜಿಆರ್ 1900+14 ಎಂಬ ನಕ್ಷತ್ರ ಒಂದು ಸುತ್ತು ತಿರುಗುವ ಕಾಲ! ಅಷ್ಟು ದೂರದ ನಕ್ಷತ್ರ ತಿರುಗಿದ್ದು ನಮ್ಮ ಭೂಮಿಯ ರೇಡಿಯೊದಲ್ಲಿ ದಾಖಲಾಯಿತು.

ಇಂಥ ನಕ್ಷತ್ರಗಳಿಗೆ ಮ್ಯಾಗ್ನೆಟಾರ್ ಎಂದು ಹೆಸರು. ಇವು ಉರಿಯುವುದು ಇಂಧನದಿಂದಲ್ಲ, ಕಾಂತಶಕ್ತಿಯಿಂದ. ಅದು ಹೇಗೆ ಸಾಧ್ಯ ಎಂಬುದನ್ನು ಈ ಸಲ ನೋಡೋಣ.

ಸೂರ್ಯನಿಗಿಂತ ಎಂಟು ಪಟ್ಟೋ ಅದಕ್ಕಿಂತ ಹೆಚ್ಚೋ ಭಾರವಾದ ನಕ್ಷತ್ರದ ಇಂಧನ ಮುಗಿದಾಗ ಅದರ ತಿರುಳು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಹೊರಭಾಗ ಸೂಪರ್‌ನೋವಾ ಆಗಿ ಸಿಡಿದು ಚದುರುತ್ತದೆ. ಕುಸಿದ ತಿರುಳು ಎಷ್ಟೋ ವೇಳೆ ನ್ಯೂಟ್ರಾನ್ ನಕ್ಷತ್ರವಾಗಿ ಉಳಿಯುತ್ತದೆ. ಅದರ ಭಾರ ಸೂರ್ಯನ ಸುಮಾರು ಒಂದೂವರೆ ಪಟ್ಟು, ಅಡ್ಡಗಲ ಮಾತ್ರ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರ್. ಮುಂಬೈ ಕೇಳುಗರು ಚರ್ಚ್‌ಗೇಟ್‌ನಿಂದ ಅಂಧೇರಿಗೆ ಲೋಕಲ್‌ನಲ್ಲಿ ಹೋಗುವ ದೂರ ನೆನೆದುಕೊಳ್ಳಿ, ಅಷ್ಟೇ ಗಾತ್ರ. ಅದರ ಒಂದು ಚಮಚ ತೂಗಿದರೆ ನೂರಾರು ಕೋಟಿ ಟನ್. ಮೇಲೆ ಸುಮಾರು ಒಂದು ಕಿಲೋಮೀಟರ್ ದಪ್ಪದ ಗಟ್ಟಿ ಚಿಪ್ಪು, ಒಳಗೆ ನ್ಯೂಟ್ರಾನುಗಳ ದ್ರವ. ಈ ಚಿಪ್ಪು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಕಾಂತದ ಮಾತು. ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗೌಸ್. ಫ್ರಿಜ್ ಬಾಗಿಲಿಗೆ ಅಂಟಿಸುವ ಬೊಂಬೆಯ ಹಿಂದಿರುವ ಅಯಸ್ಕಾಂತದ್ದು ನೂರು ಗೌಸ್ ಆಸುಪಾಸು. ಆಸ್ಪತ್ರೆಯ ಎಂಆರ್‌ಐ ಯಂತ್ರದ್ದು 15 ಸಾವಿರ ಅಥವಾ 30 ಸಾವಿರ; ಅದಕ್ಕೇ ಅಲ್ಲಿ ಒಳಗೆ ಹೋಗುವ ಮುಂಚೆ ಕಿವಿಯೋಲೆಯಿಂದ ಹಿಡಿದು ಕೀಲಿಕೈವರೆಗೆ ತೆಗೆಸುವುದು. ಪ್ರಯೋಗಶಾಲೆಯಲ್ಲಿ ಮನುಷ್ಯ ಸತತವಾಗಿ ಹಿಡಿದು ನಿಲ್ಲಿಸಿರುವುದು ಸುಮಾರು ನಾಲ್ಕೂವರೆ ಲಕ್ಷ ಗೌಸ್. ಸಾಧಾರಣ ನ್ಯೂಟ್ರಾನ್ ನಕ್ಷತ್ರದ್ದು ಒಂದು ಲಕ್ಷ ಕೋಟಿ ಗೌಸ್. ಮ್ಯಾಗ್ನೆಟಾರ್‌ನದು ಅದರ ನೂರರಿಂದ ಸಾವಿರ ಪಟ್ಟು!

ಸೊನ್ನೆಗಳು ಹೆಚ್ಚಾದಾಗ ತಲೆಗೆ ಏನೂ ಹೋಗುವುದಿಲ್ಲ, ನಿಜ. ಹೀಗೆ ನೋಡಿ. ಕಾಂತಬಲ ದೂರ ಹೋದಂತೆ ಬೇಗ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಬಲ ಎಂಟರಲ್ಲಿ ಒಂದು ಪಾಲಾಗುತ್ತದೆ. ಆದರೂ ನಮಗೂ ಚಂದ್ರನಿಗೂ ನಡುವೆ ಅರ್ಧ ದಾರಿಯಲ್ಲಿ, ಎರಡು ಲಕ್ಷ ಕಿಲೋಮೀಟರ್ ಆಚೆ, ಒಂದು ಬಲವಾದ ಮ್ಯಾಗ್ನೆಟಾರ್ ಇಟ್ಟರೆ ಇಲ್ಲಿ ನಮ್ಮ ಮನೆಯೊಳಗಿನ ಕಾಂತಕ್ಷೇತ್ರ ಆ ಫ್ರಿಜ್ ಬೊಂಬೆಯ ಅಯಸ್ಕಾಂತಕ್ಕೆ ಸಮನಾಗುತ್ತದೆ. ಸಾವಿರ ಕಿಲೋಮೀಟರ್ ಹತ್ತಿರ ಹೋದವನ ದೇಹದ ಅಣುಗಳಲ್ಲಿ ಎಲೆಕ್ಟ್ರಾನುಗಳ ಜೋಡಣೆಯೇ ಕೆಡುತ್ತದೆ. ನಕ್ಷತ್ರದ ಮೈಮೇಲೆ ಪರಮಾಣುಗಳು ಗುಂಡಗಿರದೆ ಸೂಜಿಯಂತೆ ಉದ್ದಕ್ಕೆ ಎಳೆಯಲ್ಪಟ್ಟಿರುತ್ತವೆ.

ಇಷ್ಟು ಕಾಂತ ಬಂದದ್ದೆಲ್ಲಿಂದ? ಒಂದು ಭಾಗ ಬರೀ ಹಿಂಡಿದ್ದರ ಫಲ. ಕಣದಲ್ಲಿ ಹರಡಿದ ಹುಲ್ಲನ್ನು ಒಟ್ಟುಮಾಡಿ ಹೊರೆ ಕಟ್ಟಿದರೆ ಹುಲ್ಲು ಹೆಚ್ಚಾಗುವುದಿಲ್ಲ, ಒತ್ತಾಗುತ್ತದೆ. ಕುಸಿಯುವ ತಿರುಳಿನ ಕಾಂತರೇಖೆಗಳೂ ಹಾಗೆಯೇ. ತಿರುಳು ನೂರನೇ ಒಂದು ಪಾಲಿಗೆ ಕುಗ್ಗಿದರೆ ಕಾಂತ ಹತ್ತು ಸಾವಿರ ಪಟ್ಟು ಒತ್ತಾಗುತ್ತದೆ. ಆದರೆ ಮ್ಯಾಗ್ನೆಟಾರ್‌ಗೆ ಇಷ್ಟು ಸಾಲದು ಎನ್ನುವವರಿದ್ದಾರೆ. ರಾಬರ್ಟ್ ಡಂಕನ್ ಮತ್ತು ಕ್ರಿಸ್ಟೋಫರ್ ಥಾಮ್ಸನ್ 1992ರಲ್ಲಿ ಹೇಳಿದ್ದು ಹೀಗೆ: ಹುಟ್ಟುವಾಗಲೇ ಸೆಕೆಂಡಿಗೆ ಸಾವಿರದಷ್ಟು ಸುತ್ತು ತಿರುಗುವ ನಕ್ಷತ್ರವಾದರೆ, ಮೊದಲ ಕೆಲವೇ ಸೆಕೆಂಡುಗಳಲ್ಲಿ ಅದರ ಕುದಿಯುವ ಒಡಲೇ ಡೈನಮೋ ಆಗಿ ಕಾಂತವನ್ನು ಹೆಣೆದು ಬಲಪಡಿಸುತ್ತದೆ. ಇಲ್ಲ, ತಾಯಿನಕ್ಷತ್ರವೇ ಬಲವಾದ ಕಾಂತವುಳ್ಳದ್ದಾಗಿತ್ತು, ಅದೇ ಬಳುವಳಿಯಾಗಿ ಬಂತು ಎನ್ನುವುದು ಇನ್ನೊಂದು ವಾದ. ಚರ್ಚೆ ಇನ್ನೂ ಮುಗಿದಿಲ್ಲ. ಮ್ಯಾಗ್ನೆಟಾರ್ ಎಂಬ ಹೆಸರನ್ನು ಇಟ್ಟವರಂತೂ ಈ ಇಬ್ಬರೇ.

ಯಾರೂ ಹೋಗಿ ಅಳೆಯಲಾರದ ಕಾಂತಕ್ಕೆ ಇಷ್ಟು ಗೌಸ್ ಎಂದು ಹೇಗೆ ಹೇಳುತ್ತಾರೆ ಎಂದು ನೀವು ಕೇಳಬೇಕು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಈ ಅಳತೆಯೇ. ತಿರುಗುವ ಅಯಸ್ಕಾಂತ ಸುಮ್ಮನೆ ತಿರುಗಲಾರದು. ತನ್ನ ಸುತ್ತಲಿನ ಕಾಂತಕ್ಷೇತ್ರವನ್ನೂ ಎಳೆದುಕೊಂಡೇ ತಿರುಗಬೇಕು. ಅದರಿಂದ ಶಕ್ತಿ ಹೊರಗೆ ಸೋರಿ ವೇಗ ತಗ್ಗುತ್ತದೆ. ಕಾಂತ ಬಲವಾದಷ್ಟೂ ಬ್ರೇಕ್ ಬಲ. ಹಾಗಾಗಿ ನಕ್ಷತ್ರ ಎಷ್ಟು ಹೊತ್ತಿಗೊಮ್ಮೆ ತಿರುಗುತ್ತದೆ, ವರ್ಷಕ್ಕೆ ಎಷ್ಟು ನಿಧಾನವಾಗುತ್ತದೆ ಎಂಬ ಎರಡೇ ಸಂಖ್ಯೆ ಸಿಕ್ಕರೆ ಕಾಂತದ ಲೆಕ್ಕ ಸಿಗುತ್ತದೆ. ಗ್ರೀಸ್ ಮೂಲದ ವಿಜ್ಞಾನಿ ಕ್ರಿಸಾ ಕುವೆಲಿಯೊಟು ಮತ್ತು ಅವರ ತಂಡ ಧನು ರಾಶಿಯ ದಿಕ್ಕಿನಲ್ಲಿರುವ ಎಸ್‌ಜಿಆರ್ 1806-20 ಎಂಬ ನಕ್ಷತ್ರವನ್ನು ಎಕ್ಸ್ ಕಿರಣ ಉಪಗ್ರಹದಿಂದ ನೋಡಿದಾಗ ಅದು 7.47 ಸೆಕೆಂಡಿಗೊಮ್ಮೆ ತಿರುಗುತ್ತಿತ್ತು. ವರ್ಷಕ್ಕೆ ಸೆಕೆಂಡಿನ ಸಾವಿರದಲ್ಲಿ 2.6 ಭಾಗದಷ್ಟು ನಿಧಾನವಾಗುತ್ತಿತ್ತು. ನಮ್ಮ ಕೈಗಡಿಯಾರಕ್ಕೆ ಇದು ಲೆಕ್ಕಕ್ಕೇ ಬಾರದ ವ್ಯತ್ಯಾಸ. ನ್ಯೂಟ್ರಾನ್ ನಕ್ಷತ್ರಕ್ಕೆ ಮಾತ್ರ ವಿಪರೀತ. ಲೆಕ್ಕ ಹಾಕಿದಾಗ ಬಂದ ಉತ್ತರ ಎಂಟು ಕೋಟಿ ಕೋಟಿ ಗೌಸ್. ಇದು 1998ರಲ್ಲಿ ಪ್ರಕಟವಾದ ಮೇಲೆ, ಅಲ್ಲಿಯವರೆಗೆ ಕಾಗದದ ಮೇಲಿದ್ದ ಮ್ಯಾಗ್ನೆಟಾರನ್ನು ಹೆಚ್ಚಿನವರು ಒಪ್ಪಿಕೊಂಡರು.

ನ್ಯೂಟ್ರಾನ್ ನಕ್ಷತ್ರದ ಕಾಂತದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ನಮ್ಮವರೊಬ್ಬರ ಪಾಲೂ ಇದೆ. ವಿ. ರಾಧಾಕೃಷ್ಣನ್ ಅವರು 1969ರಲ್ಲಿ ಆಸ್ಟ್ರೇಲಿಯಾದಲ್ಲಿದ್ದಾಗ ವೇಲಾ ಪಲ್ಸಾರ್‌ನ ರೇಡಿಯೊ ಮಿಡಿತ ಅದರ ಕಾಂತಧ್ರುವದ ಬಳಿಯಿಂದ ಹೊರಡುತ್ತದೆ ಎಂಬುದನ್ನು, ಅಲೆ ಕಂಪಿಸುವ ದಿಕ್ಕು ಪ್ರತಿ ಮಿಡಿತದೊಳಗೂ ಹೇಗೆ ತಿರುಗುತ್ತದೆ ಎಂಬುದರಿಂದ ತೋರಿಸಿದರು. ಆಮೇಲೆ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದರು.

ಇನ್ನು ಸಿಡಿತ. ಮ್ಯಾಗ್ನೆಟಾರ್ ಒಳಗಿನ ಕಾಂತರೇಖೆಗಳು ನೇರವಾಗಿಲ್ಲ, ಹುರಿ ಹಾಕಿದ ಹಗ್ಗದಂತೆ ತಿರುಚಿಕೊಂಡಿವೆ. ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ. ಮೇಲಿನ ಚಿಪ್ಪು ಬಿಡುವುದಿಲ್ಲ. ಒತ್ತಡ ತಿಂಗಳು, ವರ್ಷಗಟ್ಟಲೆ ಸೇರುತ್ತಾ ಹೋಗಿ ಒಂದು ದಿನ ಚಿಪ್ಪು ಜರುಗುತ್ತದೆ ಅಥವಾ ಬಿರಿಯುತ್ತದೆ. ಹೊರಗಿನ ಕಾಂತರೇಖೆಗಳು ಕಡಿದು ಬೇರೆ ರೀತಿ ಕೂಡಿಕೊಳ್ಳುತ್ತವೆ. ಕೂಡಿಟ್ಟ ಕಾಂತಶಕ್ತಿ ಎಕ್ಸ್ ಕಿರಣ, ಗ್ಯಾಮಾ ಕಿರಣಗಳಾಗಿ ಹೊರಬೀಳುತ್ತದೆ. ಸಣ್ಣ ಸಿಡಿತವಾದರೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯಿತು. ಕೆಲವು ವಾರ ಇಂಥವು ನೂರಾರು ಬರಬಹುದು, ಆಮೇಲೆ ವರ್ಷಗಟ್ಟಲೆ ಮೌನ. ಸುಮಾರು ಹತ್ತು ಸಾವಿರ ವರ್ಷದಲ್ಲಿ ಕಾಂತ ಕರಗಿ ಈ ಆಟ ನಿಲ್ಲುತ್ತದೆ ಎಂದು ಅಂದಾಜು. ನಕ್ಷತ್ರಗಳ ಆಯುಸ್ಸಿನಲ್ಲಿ ಅದು ಕಣ್ಣು ಮಿಟುಕಿಸುವಷ್ಟು. ಅದಕ್ಕೇ ನಮಗೆ ಗೊತ್ತಿರುವ ಮ್ಯಾಗ್ನೆಟಾರ್‌ಗಳು ಮೂವತ್ತರ ಆಸುಪಾಸು ಮಾತ್ರ.

ಮಹಾಸಿಡಿತದ ಮಾತೇ ಬೇರೆ. ನಮ್ಮ ನಕ್ಷತ್ರಲೋಕದಲ್ಲೂ ಅದರ ನೆರೆಯಲ್ಲೂ ಸೇರಿ ಇದುವರೆಗೆ ದಾಖಲಾಗಿರುವುದು ಮೂರೇ. ಮೊದಲನೆಯದು 1979ರ ಮಾರ್ಚ್ 5ರದು. ಶುಕ್ರನತ್ತ ಹೋಗಿದ್ದ ಸೋವಿಯತ್ ನೌಕೆಗಳಾದ ವೆನೆರಾ 11 ಮತ್ತು 12ರ ಗ್ಯಾಮಾ ಉಪಕರಣಗಳು ಸೆಕೆಂಡಿಗೆ ನೂರರಂತೆ ಎಣಿಸುತ್ತಿದ್ದವು, ಕ್ಷಣಾರ್ಧದಲ್ಲಿ ಎಣಿಕೆ ಎರಡು ಲಕ್ಷ ದಾಟಿತು. ಎರಡನೆಯದು ಆಗಲೇ ಹೇಳಿದ 1998ರದು. ಮೂರನೆಯದರ ಮುಂದೆ ಇವೆರಡೂ ಸಪ್ಪೆ.

2004ರ ಡಿಸೆಂಬರ್ 27, ಗ್ರೀನಿಚ್ ಸಮಯ ರಾತ್ರಿ ಒಂಬತ್ತೂವರೆ. ನಮಗೆ ಆಗ 28ರ ಬೆಳಗಿನ ಜಾವ ಮೂರು ಗಂಟೆ. ಧನುರ್ಮಾಸ. ಇನ್ನು ಸ್ವಲ್ಪ ಹೊತ್ತಿಗೆ ದೇವಸ್ಥಾನಗಳಲ್ಲಿ ಹುಗ್ಗಿಯ ನೈವೇದ್ಯಕ್ಕೆ ಏಳುವ ವೇಳೆ. ಸೂರ್ಯ ಧನು ರಾಶಿಯಲ್ಲಿರುವ ತಿಂಗಳಲ್ಲವೇ, ಎಸ್‌ಜಿಆರ್ 1806-20 ಕೂಡ ಅದೇ ರಾಶಿಯ ದಿಕ್ಕಿನಲ್ಲಿ, ಅಂದು ಸೂರ್ಯನಿಂದ ಐದೇ ಡಿಗ್ರಿ ದೂರದಲ್ಲಿತ್ತು. ಆದ್ದರಿಂದ ಸಿಡಿತದ ಕಿರಣಗಳು ನೇರವಾಗಿ ಬಿದ್ದದ್ದು ಭೂಮಿಯ ಹಗಲಿನ ಕಡೆಗೆ. ನಮಗೆ ಆ ನಕ್ಷತ್ರ ದಿಗಂತದ ಕೆಳಗಿತ್ತು. ಆದರೆ ಹುಣ್ಣಿಮೆ ಆಗಷ್ಟೇ ಕಳೆದಿತ್ತು. ಸೂರ್ಯನ ಎದುರು ದಿಕ್ಕಿನಲ್ಲಿದ್ದ ಚಂದ್ರನ ಮೇಲೆ ಬಿದ್ದ ಗ್ಯಾಮಾ ಕಿರಣಗಳು ಅಲ್ಲಿಂದ ಚದುರಿ ಭೂಮಿಯ ರಾತ್ರಿಯ ಕಡೆಗೂ ಬಂದವು. ಭೂಮಿಯ ಮರೆಯಲ್ಲಿದ್ದ ರಷ್ಯಾದ ಕರೋನಾಸ್-ಎಫ್ ಉಪಗ್ರಹ ಈ ಪ್ರತಿಧ್ವನಿಯನ್ನು ದಾಖಲಿಸಿತು.

ಮೊದಲ ಝಳಕ ಸೆಕೆಂಡಿನ ಐದನೇ ಒಂದು ಭಾಗ. ಅಷ್ಟರಲ್ಲಿ ಹೊರಬಿದ್ದ ಶಕ್ತಿ, ನಕ್ಷತ್ರ 50 ಸಾವಿರ ಜ್ಯೋತಿರ್ವರ್ಷ ದೂರದಲ್ಲಿದೆ ಎಂಬ ಅಂದಿನ ಎಣಿಕೆಯಂತೆ, ಸೂರ್ಯ ಒಂದೂವರೆ ಲಕ್ಷ ವರ್ಷದಲ್ಲಿ ಸುರಿಯುವಷ್ಟು. ಆಮೇಲಿನ ಅಂದಾಜಿನಂತೆ ದೂರ 28 ಸಾವಿರ ಜ್ಯೋತಿರ್ವರ್ಷ ಎಂದಿಟ್ಟುಕೊಂಡರೂ ಸೂರ್ಯನ ಐವತ್ತು ಸಾವಿರ ವರ್ಷದ ದುಡಿಮೆ ಅದು. ಅಂತರಿಕ್ಷದಲ್ಲಿದ್ದ ಹೆಚ್ಚಿನ ಗ್ಯಾಮಾ ಉಪಕರಣಗಳು ಕಣ್ಣು ಕತ್ತಲಾಗಿ ಕುಳಿತವು. ತಿಂಗಳ ಹಿಂದಷ್ಟೇ ಹಾರಿದ್ದ ಸ್ವಿಫ್ಟ್ ದೂರದರ್ಶಕ ಬೇರೆ ಕಡೆ ನೋಡುತ್ತಿದ್ದರೂ ಕಿರಣಗಳು ಅದರ ಮೈಯನ್ನೇ ತೂರಿಕೊಂಡು ಒಳಗೆ ಬಂದವು. ಸೂರ್ಯನೇ ಬೆಳಗುತ್ತಿದ್ದ ಹಗಲಿನ ಅಯಾನುಗೋಳವೂ ಈ ಸಲ ಅಲುಗಿತು.

ಝಳಕದ ನಂತರ ಆರು ನಿಮಿಷದಷ್ಟು ಬಾಲ. ಕಾಂತರೇಖೆಗಳ ಬಲೆಯಲ್ಲಿ ಸಿಕ್ಕಿಬಿದ್ದ ಬೆಂಕಿಯುಂಡೆ ನಕ್ಷತ್ರದ ಜೊತೆಗೇ ತಿರುಗುತ್ತಾ, ಏಳೂವರೆ ಸೆಕೆಂಡಿಗೊಮ್ಮೆ ನಮ್ಮತ್ತ ಮುಖಮಾಡುತ್ತಾ, ನಿಧಾನಕ್ಕೆ ಆರಿತು. ಆ ಬಾಲದ ಬೆಳಕನ್ನು ಸೂಕ್ಷ್ಮವಾಗಿ ನೋಡಿದವರಿಗೆ ಅದರೊಳಗೆ ಸೆಕೆಂಡಿಗೆ 18, 30, 92 ಸಲದಂಥ ಸಣ್ಣ ಕಂಪನಗಳು ಕಂಡವು. ಗಂಟೆ ಬಾರಿಸಿದ ಮೇಲೆ ಗಂಟೆ ಗುಂಯ್‌ಗುಡುವಂತೆ ಇಡೀ ನಕ್ಷತ್ರ ನಡುಗಿತ್ತು ಎಂದು ಇದರ ಅರ್ಥ ಮಾಡಿದರು. ಅಲ್ಲಿಂದ ಇಲ್ಲಿಗೆ ಸದ್ದು ಬರುವುದಿಲ್ಲ, ಬಂದದ್ದು ಎಕ್ಸ್ ಕಿರಣ; ಆದರೆ 92ರ ಆ ಕಂಪನವನ್ನು ಸದ್ದಾಗಿ ಬದಲಿಸಿದರೆ ತಂಬೂರಿಯ ಖರ್ಜದ ಹತ್ತಿರದ ಸ್ವರ, ಕಿವಿಗೆ ಕೇಳುವಂಥದ್ದೇ. ಭೂಕಂಪದ ಅಲೆಗಳಿಂದ ಭೂಮಿಯ ಒಡಲನ್ನು ತಿಳಿದಂತೆ ಈ ಕಂಪನಗಳಿಂದ ನ್ಯೂಟ್ರಾನ್ ನಕ್ಷತ್ರದ ಒಡಲನ್ನು ತಿಳಿಯುವ ಪ್ರಯತ್ನ ಅಲ್ಲಿಂದ ಶುರುವಾಯಿತು.

ಭೂಕಂಪ ಎಂದಾಗ ಇನ್ನೊಂದು ಮಾತು ಹೇಳಲೇಬೇಕು. ಆ ಸಿಡಿತಕ್ಕೆ ಎರಡು ದಿನ ಹಿಂದೆ, ಡಿಸೆಂಬರ್ 26ರ ಬೆಳಿಗ್ಗೆ, ಸುನಾಮಿ ಬಂದಿತ್ತು. ಚೆನ್ನೈನ ಕೇಳುಗರಿಗೆ ಆ ದಿನವನ್ನು ನೆನಪಿಸಬೇಕಾಗಿಲ್ಲ. ಎರಡೂ ಒಟ್ಟಿಗೆ ಆದದ್ದರಿಂದ, ನಕ್ಷತ್ರವೇ ಸುಮಾತ್ರಾ ಭೂಕಂಪಕ್ಕೆ ಕಾರಣವಾಗಿರಬಹುದೇ ಎಂಬ ಊಹೆ ಹರಿದಾಡಿತು, ಈಗಲೂ ಆಗಾಗ ತಲೆಯೆತ್ತುತ್ತದೆ. ಭೂಕಂಪ ಮೊದಲು ಆಯಿತು, ಗ್ಯಾಮಾ ಕಿರಣಗಳು ಬಂದದ್ದು ಸುಮಾರು 44 ಗಂಟೆ ಆಮೇಲೆ. ಬೆಳಕಿಗಿಂತ ವೇಗವಾಗಿ ಬಂದು ಮೊದಲೇ ನೆಲ ನಡುಗಿಸುವಂಥದ್ದು ಏನೂ ಇಲ್ಲ. ಗುರುತ್ವದ ಅಲೆಗಳೂ ಬೆಳಕಿನ ವೇಗದಲ್ಲೇ ಸಾಗುತ್ತವೆ. ಸುಮಾತ್ರಾ ಬಳಿ ಸಮುದ್ರದಡಿಯ ಭೂಫಲಕಗಳು ಶತಮಾನಗಳಿಂದ ಒತ್ತಡ ಕೂಡಿಟ್ಟಿದ್ದವು. ಅಷ್ಟೊಂದು ಜೀವ ಹೋದ ಘಟನೆಯನ್ನು ನಕ್ಷತ್ರದ ತಲೆಗೆ ಕಟ್ಟಿದರೆ, ಮುನ್ನೆಚ್ಚರಿಕೆ ವ್ಯವಸ್ಥೆ ಯಾಕಿರಲಿಲ್ಲ ಎಂಬ ಅಸಲು ಪ್ರಶ್ನೆ ಮರೆತುಹೋಗುತ್ತದೆ.

ಹಾಗಾದರೆ ಮ್ಯಾಗ್ನೆಟಾರ್‌ನಿಂದ ನಮಗೆ ಅಪಾಯವಿಲ್ಲವೇ? 2004ರಂಥ ಸಿಡಿತ ಕೆಲವೇ ಜ್ಯೋತಿರ್ವರ್ಷ ಹತ್ತಿರದಲ್ಲಿ ಆಗಿದ್ದರೆ ಓಝೋನ್ ಪದರ ಉಳಿಯುತ್ತಿರಲಿಲ್ಲ. ಆದರೆ ಅಷ್ಟು ಹತ್ತಿರ ಯಾವ ಮ್ಯಾಗ್ನೆಟಾರೂ ಇಲ್ಲ. ಗೊತ್ತಿರುವವೆಲ್ಲ ಸಾವಿರಾರು ಜ್ಯೋತಿರ್ವರ್ಷ ಆಚೆ.

ರೇಡಿಯೊ ಕೇಳುಗರಾದ ನಿಮಗೆ 2020ರ ಏಪ್ರಿಲ್ 28ರ ವಿಷಯ ಬಿಟ್ಟರೆ ತಪ್ಪಾದೀತು. ಸೆಕೆಂಡಿನ ಸಾವಿರದ ಕೆಲವು ಭಾಗ ಮಾತ್ರ ಮಿನುಗಿ ಹೋಗುವ ಪ್ರಬಲ ರೇಡಿಯೊ ಸ್ಫೋಟಗಳು ದೂರದ ನಕ್ಷತ್ರಲೋಕಗಳಿಂದ ಬರುತ್ತಿರುವುದು 2007ರಿಂದ ಗೊತ್ತಿತ್ತು. ಅವುಗಳ ಮೂಲ ಯಾವುದು ಎಂಬುದಕ್ಕೆ ಹತ್ತಾರು ಊಹೆಗಳಿದ್ದವು. ಆ ದಿನ, ನಾವೆಲ್ಲ ಲಾಕ್‌ಡೌನಿನಲ್ಲಿ ಮನೆಯೊಳಗಿದ್ದಾಗ, ನಮ್ಮದೇ ಆಕಾಶಗಂಗೆಯ ಎಸ್‌ಜಿಆರ್ 1935+2154 ಎಂಬ ಮ್ಯಾಗ್ನೆಟಾರ್ ಎಕ್ಸ್ ಕಿರಣದ ಸಿಡಿತದ ಜೊತೆಜೊತೆಗೇ ಅಂಥದೇ ರೇಡಿಯೊ ಝಳಕವನ್ನೂ ಕಳಿಸಿತು. ಹಿಡಿದದ್ದು ಎರಡು ಕಡೆ. ಒಂದು ಕೆನಡಾದ ದೊಡ್ಡ ದೂರದರ್ಶಕ ಚೈಮ್. ಇನ್ನೊಂದು ಅಮೆರಿಕದ ಸ್ಟೇರ್-2, ಬಕೆಟ್ ಗಾತ್ರದ ಮೂರು ಆಂಟೆನಾಗಳು. ಲೋಹದ ಕೊಳವೆಯ ತುಂಡಿಗೆ ಕೇಕ್ ಬೇಯಿಸುವ ತಟ್ಟೆ ಜೋಡಿಸಿ ಮಾಡಿದ ಉಪಕರಣ ಅದು! ಝಳಕ ಅಷ್ಟು ಜೋರಾಗಿದ್ದುದರಿಂದ ಅಷ್ಟೇ ಸಾಕಾಯಿತು. ಅಂಥ ಎಲ್ಲ ಝಳಕಗಳೂ ಮ್ಯಾಗ್ನೆಟಾರ್‌ನವೇ ಎನ್ನಲಾಗದು. ಕೆಲವಂತೂ ಹೌದು ಎಂದು ಅಂದಿನಿಂದ ಖಚಿತ.

ಪುಣೆಯ ಕೇಳುಗರ ಹತ್ತಿರವೇ ಇದೇ ಜಾತಿಯ ಕೆಲಸ ನಡೆಯುತ್ತದೆ. ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿರುವ, 45 ಮೀಟರ್ ಅಗಲದ ಮೂವತ್ತು ತಟ್ಟೆಗಳ ಜಿಎಂಆರ್‌ಟಿ ದೂರದರ್ಶಕದಿಂದ ಎಕ್ಸ್‌ಟಿಇ ಜೆ1810-197 ಎಂಬ ಮ್ಯಾಗ್ನೆಟಾರನ್ನು ಆಲಿಸಿದ್ದಾರೆ. ಈ ನಕ್ಷತ್ರದ ರೇಡಿಯೊ ಮಿಡಿತ 2008ರ ಕೊನೆಯಲ್ಲಿ ನಿಂತುಹೋಗಿತ್ತು. ಹತ್ತು ವರ್ಷ ಸುಮ್ಮನಿದ್ದು 2018ರ ಡಿಸೆಂಬರಿನಲ್ಲಿ ಮತ್ತೆ ಶುರುವಾಯಿತು.

ಕೊನೆಗೆ ಚಿನ್ನದ ವಿಷಯ. 2004ರ ಸಿಡಿತದ ಸುಮಾರು ಹತ್ತು ನಿಮಿಷದ ನಂತರ ಅದೇ ನಕ್ಷತ್ರದಿಂದ ಇನ್ನೊಂದು ಮಂದವಾದ ಗ್ಯಾಮಾ ಹೊಳಪು ಬಂದದ್ದನ್ನು ಯುರೋಪಿನ ಇಂಟೆಗ್ರಲ್ ಉಪಗ್ರಹ ದಾಖಲಿಸಿತ್ತು. ಅದೇನೆಂದು ಇಪ್ಪತ್ತು ವರ್ಷ ಯಾರಿಗೂ ತಿಳಿಯಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಅನಿರುದ್ಧ್ ಪಟೇಲ್ ಮತ್ತು ಸಂಗಡಿಗರು 2025ರಲ್ಲಿ ಕೊಟ್ಟ ಉತ್ತರ ಇದು: ಸಿಡಿತದಲ್ಲಿ ನಕ್ಷತ್ರದ ಚಿಪ್ಪಿನ ಚೂರು ಹೊರಗೆ ಚಿಮ್ಮಿತು, ಅದರಲ್ಲಿದ್ದ ನ್ಯೂಟ್ರಾನುಗಳು ಕೂಡಿಕೊಂಡು ಚಿನ್ನ, ಪ್ಲಾಟಿನಂನಂಥ ಭಾರದ ಧಾತುಗಳಾದವು, ಹೊಸದಾಗಿ ಹುಟ್ಟಿ ಇನ್ನೂ ನೆಲೆಗೊಳ್ಳದ ಪರಮಾಣುಗಳು ಬಿಟ್ಟ ಕಿರಣವೇ ಆ ಹೊಳಪು. ಹೀಗೆ ತಯಾರಾದ ಭಾರದ ಧಾತುಗಳ ಒಟ್ಟು ತೂಕ ಭೂಮಿಯ ಮೂರನೇ ಒಂದು ಪಾಲಿನಷ್ಟು ಎಂದು ಅವರ ಲೆಕ್ಕ. ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಇಂಥ ಧಾತುಗಳು ಹುಟ್ಟುತ್ತವೆ ಎಂಬುದಕ್ಕೆ 2017ರಲ್ಲೇ ಸಾಕ್ಷಿ ಸಿಕ್ಕಿತ್ತು. ಈಗಿನ ಲೆಕ್ಕದಂತೆ, ಆಕಾಶಗಂಗೆಯಲ್ಲಿ ಹಾಗೆ ಹುಟ್ಟಿದ ಭಾರದ ಧಾತುಗಳಲ್ಲಿ ನೂರಕ್ಕೆ ಒಂದರಿಂದ ಹತ್ತು ಪಾಲು ಮ್ಯಾಗ್ನೆಟಾರ್‌ಗಳ ಕೊಡುಗೆ. ನಿಮ್ಮ ಮನೆಯ ಬಳೆಯಲ್ಲೋ ಓಲೆಯಲ್ಲೋ ಆ ಪಾಲಿನ ಚಿನ್ನ ಒಂದಿಷ್ಟು ಸೇರಿದ್ದರೆ ಆಶ್ಚರ್ಯವಿಲ್ಲ. ಒಂದೇ ಸಿಡಿತದ ದಾಖಲೆಯ ಮೇಲೆ ನಿಂತ ಮಾತು ಇದಾದ್ದರಿಂದ ಇನ್ನೊಂದು ಸಾಕ್ಷಿ ಬೇಕು. ಇಂಥ ಹೊಳಪನ್ನೇ ಗುರುತಿಸಬಲ್ಲ ಕೋಸಿ ಎಂಬ ಗ್ಯಾಮಾ ದೂರದರ್ಶಕವನ್ನು 2027ರಲ್ಲಿ ಹಾರಿಸಲು ನಾಸಾ ಯೋಜನೆ ಹಾಕಿಕೊಂಡಿದೆ.